ಲೋಡ್ ಟೆಸ್ಟ್ ರಿಪೋರ್ಟ್ ಹಸಿರು, ಆದ್ರೂ ವಿಡಿಯೋ ನಿಲ್ತಿದೆ: ತಪ್ಪು ಎಲ್ಲಿದೆ ಅಂತ ಹುಡ್ಕೋದು ಹೇಗೆ

ವಿಡಿಯೋ ಸ್ಟ್ರೀಮ್ ಮಾಡೋ ವೆಬ್ ಅಪ್ಲಿಕೇಷನ್‌ಗೆ ಲೋಡ್ ಟೆಸ್ಟ್ (ತುಂಬಾ ಜನ ಒಟ್ಟಿಗೆ ನೋಡೋ ಹಾಗೆ ಟೂಲ್‌ನಿಂದ ನಕಲಿ ರಿಕ್ವೆಸ್ಟ್ ಕಳಿಸೋ ಪರೀಕ್ಷೆ) ಮಾಡಿದಾಗ ಎರಡು ಥರದ ಕಂಪ್ಲೇಂಟ್ ಬರತ್ತೆ. ಒಂದು, ಟೂಲ್ ಎಲ್ಲಾ ಚೆನ್ನಾಗಿದೆ ಅನ್ನತ್ತೆ, ಎರರ್ ಸೊನ್ನೆ, ಆದ್ರೆ ಅದೇ ಹೊತ್ತಲ್ಲಿ ಫೋನಲ್ಲಿ ಓಪನ್ ಮಾಡಿದ್ರೆ ಚಕ್ರ ಸುತ್ತುತಾ ಇರತ್ತೆ. ಇನ್ನೊಂದು ಇದರ ಉಲ್ಟಾ, ಟೂಲ್ ತುಂಬಾ ಕೆಂಪು, ವಿಡಿಯೋ ಮಾತ್ರ ನೀಟಾಗಿ ಓಡ್ತಿರತ್ತೆ. ಎರಡರಲ್ಲೂ ಜನ ಮೊದ್ಲು ಮಾಡೋ ಕೆಲಸ ಸರ್ವರ್ ಸೈಜ್ ಜಾಸ್ತಿ ಮಾಡೋದು. ದಯವಿಟ್ಟು ಅದನ್ನ ಕೊನೇಗೆ ಇಟ್ಕೊಳ್ಳಿ. ಮೊದ್ಲು ನೀವು ಅಳೀತಿರೋ ನಂಬರ್ ಸರಿ ಇದ್ಯಾ ನೋಡಿ, ಆಮೇಲೆ ಸ್ಕ್ರಿಪ್ಟ್, ಆಮೇಲೆ ಲೋಡ್ ಹಾಕ್ತಿರೋ ಮಷೀನ್, ಈ ಮೂರೂ ಕ್ಲಿಯರ್ ಆದ್ಮೇಲೇ ಸರ್ವರ್ ಕಡೆ ಹೋಗಿ. ವಿಡಿಯೋ ಟೆಸ್ಟ್‌ನಲ್ಲಿ ಸಿಗೋ ತಪ್ಪುಗಳಲ್ಲಿ ತುಂಬಾನೇ ಟೆಸ್ಟ್ ಒಳಗೇ ಇರತ್ತೆ.

ಇಲ್ಲಿ ಎಚ್‌ಎಲ್‌ಎಸ್ (ಎಚ್‌ಟಿಟಿಪಿ ಲೈವ್ ಸ್ಟ್ರೀಮಿಂಗ್, ವಿಡಿಯೋನ ತುಂಡು ಮಾಡಿ ಕಳಿಸೋ ವಿಧಾನ) ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಹೆಚ್ಚಿನ ಕಡೆ ಅದೇ ಇರೋದು. ಆಪಲ್‌ನೋರು 2009ರಲ್ಲಿ ತಂದಿದ್ದು, 2017ರಲ್ಲಿ ಅದರ ಸ್ಪೆಕ್ ಆರ್‌ಎಫ್‌ಸಿ 8216 ಅನ್ನೋ ಇಂಟರ್ನೆಟ್ ದಾಖಲೆಯಾಗಿ ಪಬ್ಲಿಷ್ ಆಯ್ತು. ಒಂದು ಪ್ಲೇಲಿಸ್ಟ್ ಫೈಲ್, ಅದರೊಳಗೆ ಚಿಕ್ಕ ಚಿಕ್ಕ ಸೆಗ್ಮೆಂಟ್‌ಗಳ ಹೆಸರು, ಪ್ಲೇಯರ್ ಒಂದೊಂದಾಗಿ ತಗೊಂಡು ಆಡಿಸತ್ತೆ, ಅಷ್ಟೇ. ಆಪಲ್ ಹೇಳೋ ಸೆಗ್ಮೆಂಟ್ ಉದ್ದ 6 ಸೆಕೆಂಡ್, ನಾನೂ ಲೆಕ್ಕಕ್ಕೆ ಅದನ್ನೇ ತಗೋತೀನಿ. ಸರ್ವರ್ ಕಡೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್, ಮುಂದೆ ಒಂದು ಸಿಡಿಎನ್ (ಫೈಲ್‌ಗಳ ಕಾಪಿ ಇಟ್ಕೊಂಡು ನೋಡೋರಿಗೆ ಹತ್ತಿರದಿಂದ ಕೊಡೋ ಸರ್ವರ್‌ಗಳ ಜಾಲ), ಲೋಡ್ ಹಾಕೋಕೆ ಜೆಮೀಟರ್ ಅಥವಾ ಕೆ6 ಅನ್ನೋ ಟೂಲ್ ಅಂತ ಇಟ್ಕೊಳ್ಳಿ.

ಯಾವ ನಂಬರ್ ನೋಡ್ತಿದೀರಾ?

ಸಾಮಾನ್ಯ ವೆಬ್‌ಸೈಟ್ ಟೆಸ್ಟ್‌ನಲ್ಲಿ ರೆಸ್ಪಾನ್ಸ್ ಟೈಮ್ ಎಷ್ಟು ಮಿಲಿಸೆಕೆಂಡ್ ಅಂತ ನೋಡ್ತೀವಿ, ವಿಡಿಯೋಗೆ ಆ ನಂಬರ್ ಒಂದೇ ಇಟ್ಕೊಂಡ್ರೆ ದಾರಿ ತಪ್ಪಿಸತ್ತೆ. 3 ಎಂಬಿಪಿಎಸ್ ಕ್ವಾಲಿಟಿಯ 6 ಸೆಕೆಂಡ್ ಸೆಗ್ಮೆಂಟ್ ಅಂದ್ರೆ 18 ಮೆಗಾಬಿಟ್, ಅಂದ್ರೆ 2.25 ಎಂಬಿ. ಅದು ಬರೋಕೆ 4 ಸೆಕೆಂಡ್ ತಗೊಂಡ್ರೆ ರಿಪೋರ್ಟ್‌ನಲ್ಲಿ ಭಯಂಕರವಾಗಿ ಕಾಣತ್ತೆ, ಆದ್ರೆ ನೋಡೋರಿಗೆ ಏನೂ ತೊಂದ್ರೆ ಇಲ್ಲ, 6 ಸೆಕೆಂಡ್ ಆಡೋ ಮಾಲು 4 ಸೆಕೆಂಡಲ್ಲಿ ಕೈಗೆ ಬಂತು. ಅದೇ 6.5 ಸೆಕೆಂಡ್ ತಗೊಂಡ್ರೆ ಪ್ರತಿ ಸೆಗ್ಮೆಂಟ್‌ಗೂ ಅರ್ಧ ಸೆಕೆಂಡ್ ನಷ್ಟ. ಮನೆ ಮೇಲಿನ ಟ್ಯಾಂಕ್ ಇದ್ದ ಹಾಗೆ, ಮೋಟಾರ್ ಹತ್ತಿಸೋದಕ್ಕಿಂತ ನಲ್ಲಿ ಸ್ವಲ್ಪ ಜೋರು ಹರಿದ್ರೆ ತಕ್ಷಣ ಏನೂ ಗೊತ್ತಾಗಲ್ಲ, ಖಾಲಿ ಆದಾಗ್ಲೇ ಗೊತ್ತಾಗೋದು.

ಲೆಕ್ಕ ಹಾಕಿ ನೋಡಿ. ಎಚ್‌ಎಲ್‌ಎಸ್ ಡಾಟ್ ಜೆಎಸ್ ಪ್ಲೇಯರ್ ಡೀಫಾಲ್ಟ್ ಆಗಿ 30 ಸೆಕೆಂಡ್ ಬಫರ್ (ಮುಂದೆ ಆಡಿಸೋಕೆ ಮೊದಲೇ ಇಳಿಸಿಟ್ಟ ವಿಡಿಯೋ) ತುಂಬಿಸ್ಕೊಳ್ಳೋಕೆ ನೋಡತ್ತೆ. ಸೆಗ್ಮೆಂಟ್‌ಗೆ ಅರ್ಧ ಸೆಕೆಂಡ್ ಹೋದ್ರೆ 60 ಸೆಗ್ಮೆಂಟ್ ಆದ್ಮೇಲೆ ಬಫರ್ ಖಾಲಿ, ಅಂದ್ರೆ ಆರೂವರೆ ನಿಮಿಷ. ನೀವು 5 ನಿಮಿಷದ ಟೆಸ್ಟ್ ಹಾಕಿದ್ರೆ ಈ ತಪ್ಪು ಸಿಗೋದೇ ಇಲ್ಲ, ರಿಪೋರ್ಟ್ ಪೂರ್ತಿ ಹಸಿರು. ಲೈವ್‌ನಲ್ಲಿ ಬಫರ್ ಇನ್ನೂ ಚಿಕ್ಕದು, ಪ್ಲೇಲಿಸ್ಟ್ ಕೊನೆಯಿಂದ ಮೂರು ಟಾರ್ಗೆಟ್ ಡ್ಯುರೇಷನ್‌ಗಿಂತ (ಪ್ಲೇಲಿಸ್ಟ್‌ನಲ್ಲಿ ಬರೆದಿರೋ ಸೆಗ್ಮೆಂಟ್‌ನ ಗರಿಷ್ಠ ಉದ್ದ, ಇಲ್ಲಿ 6 ಸೆಕೆಂಡ್) ಹತ್ತಿರದಲ್ಲಿ ಶುರು ಮಾಡಬೇಡಿ ಅಂತ ಸ್ಪೆಕ್‌ನಲ್ಲಿದೆ, ಅಲ್ಲಿಗೆ 18 ಸೆಕೆಂಡ್, ಅದು ಖಾಲಿ ಆಗೋಕೆ ನಾಲ್ಕು ನಿಮಿಷ. ಹಾಗಾಗಿ ಫುಲ್ ಲೋಡ್‌ನಲ್ಲಿ ಅರ್ಧ ಗಂಟೆಗಿಂತ ಕಮ್ಮಿ ಓಡಿಸಿದ ವಿಡಿಯೋ ಟೆಸ್ಟ್‌ನ ನಾನು ನಂಬಲ್ಲ.

ಸ್ಕ್ರಿಪ್ಟ್‌ನಲ್ಲಿ ಮಾಡ್ಬೇಕಾದ್ದು ಇಷ್ಟು: ಪ್ರತಿ ವರ್ಚುವಲ್ ಯೂಸರ್‌ಗೂ (ಟೂಲ್ ಹುಟ್ಟಿಸೋ ನಕಲಿ ವೀಕ್ಷಕ) ಒಂದು ಬಫರ್ ವೇರಿಯಬಲ್ ಇಡಿ, ಸೆಗ್ಮೆಂಟ್ ಬಂದಾಗ ಅದರ ಉದ್ದ ಕೂಡಿಸಿ, ಕಳೆದ ಟೈಮ್ ಕಳೀರಿ, ಸೊನ್ನೆಗಿಂತ ಕೆಳಗೆ ಹೋದ್ರೆ ಒಂದು ಸ್ಟಾಲ್ ಅಂತ ಕೌಂಟ್ ಮಾಡಿ. ಎಷ್ಟು ಸ್ಟಾಲ್, ಒಟ್ಟು ಎಷ್ಟು ಸೆಕೆಂಡ್ ನಿಂತಿತ್ತು, ಮೊದಲ ಫ್ರೇಮ್ ಬರೋಕೆ ಎಷ್ಟು ಹೊತ್ತು, ಈ ಮೂರು ಇದ್ರೆ ನೋಡೋರಿಗೆ ಏನಾಗ್ತಿದೆ ಅಂತ ಗೊತ್ತಾಗತ್ತೆ. ಒಂದು ಎಚ್ಚರ, ನಿಜವಾದ ಪ್ಲೇಯರ್ ನಿಲ್ಲೋ ಮುಂಚೆ ಕ್ವಾಲಿಟಿ ಇಳಿಸ್ಕೊಳ್ಳತ್ತೆ, ಹಾಗಾಗಿ ಸ್ಟಾಲ್ ಸೊನ್ನೆ ಇದ್ರೂ ಎಲ್ರೂ 360ಪಿ ಮಸುಕಲ್ಲಿ ನೋಡ್ತಿರಬಹುದು, ಅದೂ ಫೇಲ್ ಅಂತಾನೇ ಲೆಕ್ಕ.

ಸ್ಕ್ರಿಪ್ಟ್ ನಿಜವಾಗ್ಲೂ ವಿಡಿಯೋ ಎಳೀತಿದ್ಯಾ

ಇದು ಕೇಳೋಕೆ ಸಿಲ್ಲಿ ಅನ್ಸತ್ತೆ, ಆದ್ರೆ ಮೊದ್ಲು ಚೆಕ್ ಮಾಡಬೇಕಾದ್ದೇ ಇದು. ವೀಕ್ಷಕರ ಸಂಖ್ಯೆಯನ್ನ ಬಿಟ್‌ರೇಟ್‌ನಿಂದ ಗುಣಿಸಿ, 1000 ಜನ, 3 ಎಂಬಿಪಿಎಸ್, ಅಲ್ಲಿಗೆ 3 ಜಿಬಿಪಿಎಸ್. ಈಗ ಸಿಡಿಎನ್ ಅಥವಾ ಸರ್ವರ್‌ನ ನೆಟ್‌ವರ್ಕ್ ಗ್ರಾಫ್ ನೋಡಿ. ಅಲ್ಲಿ 80 ಎಂಬಿಪಿಎಸ್ ತೋರಿಸ್ತಿದ್ರೆ ನಿಮ್ಮ ಟೆಸ್ಟ್ ಪೇಜ್ ಓಪನ್ ಮಾಡಿ 200 (ಸರಿ ಇದೆ ಅನ್ನೋ ಉತ್ತರ) ತಗೊಂಡು ವಾಪಸ್ ಬರ್ತಿದೆ, ವಿಡಿಯೋ ಮುಟ್ಟೇ ಇಲ್ಲ. ಜೆಮೀಟರ್‌ನಲ್ಲಿ ಎಂಬೆಡೆಡ್ ರಿಸೋರ್ಸ್ ಡೌನ್‌ಲೋಡ್ ಮಾಡು ಅನ್ನೋ ಟಿಕ್ ಹಾಕಿದೀನಲ್ಲ ಅಂತಾರೆ, ಅದು ಎಚ್‌ಟಿಎಂಎಲ್ ಒಳಗಿನ ಇಮೇಜ್, ಸಿಎಸ್‌ಎಸ್ ಥರದ್ದನ್ನ ಎಳೆಯತ್ತೆ ಅಷ್ಟೇ, ಸೆಗ್ಮೆಂಟ್ ಕೇಳೋದು ಜಾವಾಸ್ಕ್ರಿಪ್ಟ್, ಜೆಮೀಟರ್ ಜಾವಾಸ್ಕ್ರಿಪ್ಟ್ ಓಡಿಸಲ್ಲ. ಪ್ಲೇಲಿಸ್ಟ್ ಪಾರ್ಸ್ ಮಾಡಿ ಸೆಗ್ಮೆಂಟ್ ಕೇಳೋ ಕೆಲಸ ನೀವೇ ಬರೀಬೇಕು.

ಗ್ರಾಫ್ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಇದ್ರೆ ಉಲ್ಟಾ ತಪ್ಪು, ಸ್ಕ್ರಿಪ್ಟ್ ಗ್ಯಾಪ್ ಕೊಡದೆ ಒಂದಾದ್ಮೇಲೊಂದು ಸೆಗ್ಮೆಂಟ್ ಎಳೀತಿದೆ, ಒಬ್ಬ ವರ್ಚುವಲ್ ಯೂಸರ್ ಹತ್ತಿಪ್ಪತ್ತು ಜನರ ಲೋಡ್ ಹಾಕ್ತಿದಾನೆ. ನಿಜವಾದ ಪ್ಲೇಯರ್ ಶುರುವಲ್ಲಿ ಬಫರ್ ತುಂಬೋವರೆಗೆ ಜೋರಾಗಿ ಎಳೆದು ಆಮೇಲೆ 6 ಸೆಕೆಂಡ್‌ಗೆ ಒಂದು ಸೆಗ್ಮೆಂಟ್ ತಗೊಳ್ಳತ್ತೆ. ಲೈವ್ ಆದ್ರೆ ಜೊತೆಗೆ ಪ್ಲೇಲಿಸ್ಟ್ ಕೂಡ ಟಾರ್ಗೆಟ್ ಡ್ಯುರೇಷನ್‌ಗೆ ಒಂದ್ಸಲ, ಪ್ಲೇಲಿಸ್ಟ್ ಬದಲಾಗಿಲ್ಲ ಅಂದ್ರೆ ಅದರ ಅರ್ಧ ಟೈಮ್ ಬಿಟ್ಟು ಮತ್ತೆ. ಅಂದ್ರೆ 5000 ಜನಕ್ಕೆ ಸೆಕೆಂಡಿಗೆ ಸುಮಾರು 830 ಸೆಗ್ಮೆಂಟ್ ರಿಕ್ವೆಸ್ಟ್, ಅಷ್ಟೇ ಪ್ಲೇಲಿಸ್ಟ್ ರಿಕ್ವೆಸ್ಟ್. ಕನ್ನಡ ಕಾಮೆಂಟ್ರಿ, ಹಿಂದಿ ಕಾಮೆಂಟ್ರಿ ಅಂತ ಆಡಿಯೋನ ಬೇರೆ ಟ್ರ್ಯಾಕ್ ಮಾಡಿ ಇಟ್ಟಿದ್ರೆ ಅದಕ್ಕೆ ಬೇರೆ ಪ್ಲೇಲಿಸ್ಟ್ ಬೇರೆ ಸೆಗ್ಮೆಂಟ್, ರಿಕ್ವೆಸ್ಟ್ ಎಣಿಕೆ ಡಬಲ್, ಬ್ಯಾಂಡ್‌ವಿಡ್ತ್ ಮಾತ್ರ ಅಷ್ಟೇನೂ ಏರಲ್ಲ. ಇದನ್ನ ಸ್ಕ್ರಿಪ್ಟ್‌ನಲ್ಲಿ ಬಿಟ್ಟಿರೋದು ತುಂಬಾ ಕಾಮನ್.

ಇನ್ನೊಂದು, ರೆಕಾರ್ಡ್ ಮಾಡಿದ ಸ್ಕ್ರಿಪ್ಟ್‌ನಲ್ಲಿ ಹಳೇ ಟೋಕನ್ (ನೋಡೋಕೆ ಕೊಟ್ಟ ಅನುಮತಿ ಚೀಟಿ) ಇರತ್ತೆ, ಅದು ಎಕ್ಸ್‌ಪೈರ್ ಆಗಿ 403 (ಅನುಮತಿ ಇಲ್ಲ) ಬರ್ತಿರತ್ತೆ, 403 ಕಳಿಸೋದು ಸರ್ವರ್‌ಗೆ ಸುಲಭ, ಹಾಗಾಗಿ ರೆಸ್ಪಾನ್ಸ್ ಟೈಮ್ ಅದ್ಭುತವಾಗಿ ಕಾಣತ್ತೆ. ಕೆಲವು ಅಪ್ಲಿಕೇಷನ್‌ಗಳು ಎರರ್ ಪೇಜ್‌ನೂ 200 ಹಾಕಿ ಕಳಿಸ್ತವೆ. ಹಾಗಾಗಿ ಸ್ಟೇಟಸ್ ಜೊತೆ ಸೈಜ್ ಚೆಕ್ ಮಾಡಿ, ನೂರರಲ್ಲಿ ಒಂದು ಸೆಗ್ಮೆಂಟ್‌ನ ಮೊದಲ ಬೈಟ್ ನೋಡಿ, ಟಿಎಸ್ (ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಫೈಲ್ ಆಗಿದ್ರೆ ಅದು ಹೆಕ್ಸ್ 47 ಇರ್ಲೇಬೇಕು, ಮುಂದೆ ಪ್ರತಿ 188 ಬೈಟ್‌ಗೂ ಅದೇ 47 ಬರತ್ತೆ.

ಲೋಡ್ ಹಾಕೋ ಮಷೀನೇ ಸುಸ್ತಾಗಿದ್ರೆ

ಟೂಲ್ ಕೆಂಪು, ವಿಡಿಯೋ ಚೆನ್ನಾಗಿದೆ ಅನ್ನೋ ಕೇಸ್‌ನಲ್ಲಿ ನಾನು ಮೊದ್ಲು ಅನುಮಾನ ಪಡೋದು ಇಲ್ಲೇ. ಪರೀಕ್ಷೆ ಸುಲಭ: ಟೆಸ್ಟ್ ಓಡ್ತಿರೋವಾಗ ಬೇರೆ ನೆಟ್‌ವರ್ಕ್‌ನಿಂದ, ಅಂದ್ರೆ ಮೊಬೈಲ್ ಡೇಟಾ ಅಥವಾ ಮನೆ ಬ್ರಾಡ್‌ಬ್ಯಾಂಡ್‌ನಿಂದ, ಒಬ್ಬರು ಅದೇ ವಿಡಿಯೋ ನೋಡ್ಲಿ. ಅವರಿಗೆ ಚೆನ್ನಾಗಿ ಬರ್ತಿದೆ, ಟೂಲ್ ಮಾತ್ರ ನಿಧಾನ ಅಂತಿದೆ ಅಂದ್ರೆ ಸಮಸ್ಯೆ ಲೋಡ್ ಜನರೇಟರ್‌ದು.

ಅಲ್ಲಿ ನೆಟ್‌ವರ್ಕ್ ಕಾರ್ಡ್ ಮೊದಲು. 1 ಜಿಬಿಪಿಎಸ್ ಕಾರ್ಡ್‌ನಲ್ಲಿ 3 ಎಂಬಿಪಿಎಸ್‌ನ 300 ಜನ ಹಿಡಿಸ್ತಾರೆ, ಅದಕ್ಕಿಂತ ಮೇಲೆ ಎಷ್ಟೇ ಥ್ರೆಡ್ (ಜೆಮೀಟರ್‌ನಲ್ಲಿ ಒಂದು ಥ್ರೆಡ್ ಅಂದ್ರೆ ಒಬ್ಬ ವರ್ಚುವಲ್ ಯೂಸರ್) ಹಾಕಿದ್ರೂ ಒಬ್ಬರ ಪಾಲನ್ನ ಇನ್ನೊಬ್ಬರು ಕಿತ್ಕೊಳ್ತಾರೆ. ಆಮೇಲೆ ಮೆಮೊರಿ. ಜೆಮೀಟರ್ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಹೀಪ್ (ಅದು ಬಳಸೋ ಮೆಮೊರಿ) ಡೀಫಾಲ್ಟ್ 1 ಜಿಬಿ, 500 ಥ್ರೆಡ್ ಒಂದೊಂದು 2.25 ಎಂಬಿ ಸೆಗ್ಮೆಂಟ್ ಕೈಯಲ್ಲಿ ಹಿಡ್ಕೊಂಡ್ರೆ ಅಲ್ಲಿಗೇ ಮುಗೀತು, ಗಾರ್ಬೇಜ್ ಕಲೆಕ್ಷನ್‌ಗೆ (ಬೇಡದ ಮೆಮೊರಿ ಖಾಲಿ ಮಾಡೋಕೆ) ಅಂತ ಪೂರ್ತಿ ನಿಲ್ಲತ್ತೆ, ಆ ನಿಂತ ಟೈಮ್ ಎಲ್ಲಾ ಸರ್ವರ್ ಲೆಕ್ಕಕ್ಕೆ ಹೋಗತ್ತೆ. ಸೆಗ್ಮೆಂಟ್ ಸ್ಯಾಂಪ್ಲರ್‌ನಲ್ಲಿ ರೆಸ್ಪಾನ್ಸ್ ಬದಲು ಎಂಡಿ5 ಹ್ಯಾಶ್ ಇಟ್ಕೋ ಅನ್ನೋ ಆಪ್ಷನ್ ಹಾಕಿ, ಜಿಯುಐ ಮೋಡ್‌ನಲ್ಲಿ ಲೋಡ್ ಹಾಕಬೇಡಿ, ರಿಸಲ್ಟ್ ಟ್ರೀ ಲಿಸನರ್ ತೆಗೀರಿ. ಕೆ6 ಆದ್ರೆ ಡಿಸ್ಕಾರ್ಡ್ ರೆಸ್ಪಾನ್ಸ್ ಬಾಡೀಸ್ ಆನ್ ಮಾಡಿ, ಪ್ಲೇಲಿಸ್ಟ್ ರಿಕ್ವೆಸ್ಟ್‌ಗೆ ಮಾತ್ರ ರೆಸ್ಪಾನ್ಸ್ ಟೈಪ್ ಟೆಕ್ಸ್ಟ್ ಅಂತ ಕೊಡಿ, ಅದನ್ನ ಓದ್ಬೇಕಲ್ಲ.

ಟೂ ಮೆನಿ ಓಪನ್ ಫೈಲ್ಸ್ ಅಂತ ಎರರ್ ಬಂದ್ರೆ ಅದು ಒಂದು ಪ್ರೋಗ್ರಾಂ ಎಷ್ಟು ಫೈಲ್, ಕನೆಕ್ಷನ್ ತೆರೀಬಹುದು ಅನ್ನೋ ಲಿನಕ್ಸ್‌ನ 1024 ಸಾಫ್ಟ್ ಲಿಮಿಟ್, ಏರಿಸಿದ್ರೆ ಆಯ್ತು. ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್ ಅಂತ ಬಂದ್ರೆ ಮಾತ್ರ ಸ್ವಲ್ಪ ನಿಂತು ಯೋಚ್ನೆ ಮಾಡಿ. ಲಿನಕ್ಸ್ ಹೊರಗೆ ಹೋಗೋ ಕನೆಕ್ಷನ್‌ಗೆ ಕೊಡೋ ಪೋರ್ಟ್ 32768ರಿಂದ 60999, ಸುಮಾರು 28 ಸಾವಿರ, ಮುಚ್ಚಿದ ಕನೆಕ್ಷನ್ 60 ಸೆಕೆಂಡ್ ಟೈಮ್ ವೇಟ್‌ನಲ್ಲಿ ಕೂತಿರತ್ತೆ, ಅಂದ್ರೆ ಒಂದೇ ಸರ್ವರ್ ಐಪಿಗೆ ಸೆಕೆಂಡಿಗೆ 470 ಹೊಸ ಕನೆಕ್ಷನ್ ದಾಟಿದ್ರೆ ಪೋರ್ಟ್ ಖಾಲಿ. ಜನ ತಕ್ಷಣ ಕರ್ನಲ್ ಸೆಟ್ಟಿಂಗ್ ತಿರುಚೋಕೆ ಹೋಗ್ತಾರೆ, ಆದ್ರೆ ಕೇಳ್ಕೋಬೇಕಾದ್ದು ಅಷ್ಟು ಹೊಸ ಕನೆಕ್ಷನ್ ಯಾಕೆ ಆಗ್ತಿದೆ ಅಂತ, ಬ್ರೌಸರ್ ಒಂದೇ ಕನೆಕ್ಷನ್ ಇಟ್ಕೊಂಡು ಅದರಲ್ಲೇ ಸೆಗ್ಮೆಂಟ್ ಎಲ್ಲಾ ತಗೊಳ್ಳತ್ತೆ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಕೀಪ್ ಅಲೈವ್ ಆಫ್ ಆಗಿದೆ, ಪ್ರತಿ ಸೆಗ್ಮೆಂಟ್‌ಗೂ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಎನ್‌ಕ್ರಿಪ್ಷನ್ ಶುರು ಮಾಡೋ ಮಾತುಕತೆ) ಮಾಡಿಸಿ ಸರ್ವರ್ ಸಿಪಿಯುನೂ ಸುಮ್ನೆ ಸುಡ್ತಿದೀರಾ.

ಎಲ್ಲಾ ಲೋಡ್ ಒಂದೇ ಐಪಿಯಿಂದ ಹೋದ್ರೆ ಇನ್ನೊಂದಷ್ಟು ವಿಚಿತ್ರ ಕಾಣತ್ತೆ, ರೇಟ್ ಲಿಮಿಟ್ ಬಡಿಯತ್ತೆ, ಅಥವಾ ಲೋಡ್ ಬ್ಯಾಲೆನ್ಸರ್ ಐಪಿ ನೋಡಿ ಹಂಚೋದಾದ್ರೆ ಒಂದು ಬ್ಯಾಕೆಂಡ್ ನೂರು ಪರ್ಸೆಂಟ್, ಉಳಿದವು ಖಾಲಿ ಕೂತಿರ್ತವೆ. ಜಾವಾ ಡಿಎನ್‌ಎಸ್ ಉತ್ತರಾನ (ಸರ್ವರ್ ಹೆಸರಿಗೆ ಸಿಕ್ಕ ಐಪಿ) ಕ್ಯಾಶ್ ಮಾಡ್ಕೊಳ್ಳೋದ್ರಿಂದಲೂ, ಅಂದ್ರೆ ಇಟ್ಕೊಂಡು ಅದನ್ನೇ ಮತ್ತೆ ಬಳಸೋದ್ರಿಂದಲೂ, ಇದೇ ಆಗತ್ತೆ, ಜೆಮೀಟರ್‌ನಲ್ಲಿ ಡಿಎನ್‌ಎಸ್ ಕ್ಯಾಶ್ ಮ್ಯಾನೇಜರ್ ಹಾಕಿ.

ಇಲ್ಲೇ ನಿಧಾನದ ಫೋನ್‌ಗಳ ವಿಷಯಾನೂ ಹೇಳ್ಬೇಕು, ಇದನ್ನ ಬಿಟ್ಟು ಟೆಸ್ಟ್ ಮಾಡೋದು ನನಗೆ ನಿಜವಾಗ್ಲೂ ಬೇಜಾರು. ಡೇಟಾ ಸೆಂಟರ್ ಒಳಗಿನ ಮಷೀನ್ ಸೆಗ್ಮೆಂಟ್‌ನ ಚಿಟಿಕೆ ಹೊಡೆಯೋದ್ರಲ್ಲಿ ತಗೊಂಡು ಬಿಡತ್ತೆ, ಮಲೆನಾಡಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡ್ಕೊಂಡು ನೋಡೋರಿಗೆ 2 ಎಂಬಿಪಿಎಸ್ ಸಿಕ್ಕಿದ್ರೆ ಅದೇ ಸೆಗ್ಮೆಂಟ್ 9 ಸೆಕೆಂಡ್ ತಗೊಳ್ಳತ್ತೆ, ಅಷ್ಟೂ ಹೊತ್ತು ಸರ್ವರ್ ಕಡೆ ಕನೆಕ್ಷನ್ ತೆರೆದಿರತ್ತೆ. ನಿಧಾನದ ಜನ ಜಾಸ್ತಿ ಆದಷ್ಟೂ ಒಟ್ಟಿಗೆ ತೆರೆದಿರೋ ಕನೆಕ್ಷನ್ ಜಾಸ್ತಿ, ಎಂಜಿನ್‌ಎಕ್ಸ್‌ನ ವರ್ಕರ್ ಕನೆಕ್ಷನ್ಸ್ (ಒಂದು ವರ್ಕರ್ ಪ್ರೋಸೆಸ್ ಒಟ್ಟಿಗೆ ಹಿಡಿಯೋ ಕನೆಕ್ಷನ್) ಡೀಫಾಲ್ಟ್ 512, ಪ್ರಾಕ್ಸಿ ಆಗಿದ್ರೆ ಕ್ಯಾಶ್‌ನಲ್ಲಿಲ್ಲದ ರಿಕ್ವೆಸ್ಟ್‌ಗೆ ಒಬ್ಬರಿಗೆ ಎರಡು ಕನೆಕ್ಷನ್ ಬೇಕು. ಬ್ಯಾಂಡ್‌ವಿಡ್ತ್ ಅರ್ಧವೂ ತುಂಬಿಲ್ಲ, ಆದ್ರೂ ಕನೆಕ್ಷನ್ ಸಿಗ್ತಿಲ್ಲ ಅಂದ್ರೆ ಕಾರಣ ಇದು, ಎರರ್ ಲಾಗ್‌ನಲ್ಲಿ ವರ್ಕರ್ ಕನೆಕ್ಷನ್ಸ್ ಸಾಲ್ತಿಲ್ಲ ಅಂತ ನೇರವಾಗೇ ಬರ್ದಿರತ್ತೆ. ಜೆಮೀಟರ್‌ನಲ್ಲಿ ಸಿಪಿಎಸ್ (ಸೆಕೆಂಡಿಗೆ ಎಷ್ಟು ಬೈಟ್) ಪ್ರಾಪರ್ಟಿ ಕೊಟ್ಟು ಸ್ಪೀಡ್ ಕಟ್ಟಬಹುದು, ಇಲ್ಲಾಂದ್ರೆ ಲಿನಕ್ಸ್‌ನ ಟಿಸಿ (ಟ್ರಾಫಿಕ್ ಕಂಟ್ರೋಲ್) ಕಮಾಂಡ್ ಬಳಸಿ. ಒಂದು ಭಾಗ ಯೂಸರ್‌ಗಳನ್ನಾದ್ರೂ ಹೀಗೆ ನಿಧಾನ ಮಾಡಿ ಓಡಿಸಿ.

ಚೆನ್ನಾಗಿ ಶುರುವಾಗಿ ಆಮೇಲೆ ಕುಸಿದ್ರೆ

ಲೋಡ್ ಅಷ್ಟೇ ಇದೆ, ಏನೂ ಬದಲಾಗಿಲ್ಲ, ಮೊದ್ಲು ಚೆನ್ನಾಗಿ ಓಡಿ ಆಮೇಲೆ ಥ್ರೂಪುಟ್ (ಸೆಕೆಂಡಿಗೆ ಹೋಗೋ ಡೇಟಾ) ಒಂದೇ ಏಟಿಗೆ ಬಿದ್ದು ಕೆಳಗೆ ಸಮನಾಗಿ ನಿಂತ್ಬಿಡ್ತು ಅಂದ್ರೆ ಕ್ಲೌಡ್‌ನ ಬರ್ಸ್ಟ್ ಕ್ರೆಡಿಟ್ ಮುಗಿದಿದೆ ಅಂತ ಅನುಮಾನ ಪಡಿ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ಅಪ್ ಟು 10 ಗಿಗಾಬಿಟ್ ಅಂತ ಬರೆದಿರೋ ಮಷೀನ್‌ಗೆ ಒಂದು ಬೇಸ್‌ಲೈನ್ ಇರತ್ತೆ, ಅದರ ಮೇಲಿನದ್ದು ಕ್ರೆಡಿಟ್ ಇರೋವರೆಗೆ ಮಾತ್ರ. ಅಲ್ಲಿನ ಜಿಪಿ2 ಥರದ ಡಿಸ್ಕ್‌ನದ್ದೂ ಅದೇ ಕಥೆ, ಚಿಕ್ಕ ಡಿಸ್ಕ್ 3000 ಐಒಪಿಎಸ್‌ವರೆಗೆ (ಸೆಕೆಂಡಿಗೆ ಎಷ್ಟು ಸಲ ಓದು ಬರಹ) ಏರತ್ತೆ, ಕ್ರೆಡಿಟ್ ಸುಮಾರು ಅರ್ಧ ಗಂಟೆಗೆ ಮುಗಿಯತ್ತೆ, ಆಮೇಲೆ ಒಂದು ಜಿಬಿಗೆ 3 ಐಒಪಿಎಸ್ ಲೆಕ್ಕ. ಖಾತ್ರಿ ಮಾಡ್ಕೊಳ್ಳೋಕೆ ಟೆಸ್ಟ್ ನಿಲ್ಲಿಸಿ ತಕ್ಷಣ ಮತ್ತೆ ಶುರು ಮಾಡಿ, ಶುರುವಿನಿಂದಲೇ ನಿಧಾನ ಇದ್ದು, ಕೆಲವು ಗಂಟೆ ಬಿಟ್ಟು ಓಡಿಸಿದ್ರೆ ಮತ್ತೆ ಚೆನ್ನಾಗಿದ್ರೆ ಅದೇ. ಸಾಫ್ಟ್‌ವೇರ್ ಬಗ್ ಆಗಿದ್ರೆ ಹೀಗೆ ರೆಸ್ಟ್ ತಗೊಂಡು ಸರಿ ಹೋಗಲ್ಲ, ರೀಸ್ಟಾರ್ಟ್ ಬೇಕಾಗತ್ತೆ.

ಕ್ಯಾಶ್ ಮತ್ತು ಒರಿಜಿನ್

ಲೈವ್‌ನಲ್ಲಿ ಪ್ರತಿ 6 ಸೆಕೆಂಡ್‌ಗೂ ಒಂದು ಹೊಸ ಸೆಗ್ಮೆಂಟ್ ಹುಟ್ಟತ್ತೆ, ಎಲ್ರಿಗೂ ಬೇಕಿರೋದು ಅದೇ, ಒಂದೇ ಹೊತ್ತಿಗೆ, ಕ್ಯಾಶ್‌ನಲ್ಲಿ ಇನ್ನೂ ಇಲ್ಲ, ಹಾಗಾಗಿ ನೂರಾರು ರಿಕ್ವೆಸ್ಟ್ ಒಟ್ಟಿಗೆ ಒರಿಜಿನ್‌ಗೆ (ಕ್ಯಾಶ್ ಹಿಂದಿರೋ ಮೂಲ ಸರ್ವರ್) ನುಗ್ಗತ್ತೆ. ಇದು ಒಂದು ನಿಮಿಷದ ಸರಾಸರಿ ಗ್ರಾಫಲ್ಲಿ ಕಾಣೋದೇ ಇಲ್ಲ, ಒರಿಜಿನ್ ಆರಾಮಾಗಿದೆ ಅಂತಾನೇ ತೋರಿಸತ್ತೆ. ಒಂದು ಸೆಕೆಂಡ್ ಲೆಕ್ಕದಲ್ಲಿ ಗ್ರಾಫ್ ಹಾಕಿದ್ರೆ 6 ಸೆಕೆಂಡ್‌ಗೊಂದು ಗರಗಸದ ಹಲ್ಲು ಎದ್ದು ಕಾಣತ್ತೆ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಕ್ಯಾಶ್ ಲಾಕ್ ಡೀಫಾಲ್ಟ್ ಆಫ್, ಅದನ್ನ ಆನ್ ಮಾಡಿದ್ರೆ ಒಬ್ಬರು ಮಾತ್ರ ಒರಿಜಿನ್‌ಗೆ ಹೋಗ್ತಾರೆ, ಉಳಿದೋರು ಕಾಯ್ತಾರೆ. ಆದ್ರೆ ಆನ್ ಮಾಡಿದ್ಮೇಲೆ ರೆಸ್ಪಾನ್ಸ್ ಟೈಮ್ 500 ಮಿಲಿಸೆಕೆಂಡ್ ಹತ್ತಿರ ಗುಂಪು ಗುಂಪಾಗಿ ಬಂದ್ರೆ ಗಾಬರಿ ಬೇಡ, ಕಾಯ್ತಿರೋ ರಿಕ್ವೆಸ್ಟ್ ಅರ್ಧ ಸೆಕೆಂಡ್‌ಗೆ ಒಂದ್ಸಲ ಎದ್ದು ನೋಡೋದ್ರಿಂದ ಹಾಗಾಗತ್ತೆ, 6 ಸೆಕೆಂಡ್ ಸೆಗ್ಮೆಂಟ್‌ಗೆ ಅದು ಲೆಕ್ಕಕ್ಕಿಲ್ಲ.

ನನ್ನ ಪ್ರಕಾರ ಅತಿ ಹೆಚ್ಚು ಕಾಡೋ ತಪ್ಪು ಪ್ಲೇಲಿಸ್ಟ್ ಕ್ಯಾಶ್‌ದು. ಪ್ಲೇಲಿಸ್ಟ್‌ನ 10 ಸೆಕೆಂಡ್ ಕ್ಯಾಶ್ ಮಾಡಿದಾರೆ, ಟಾರ್ಗೆಟ್ ಡ್ಯುರೇಷನ್ 6. ಎಲ್ಲಾ 200, ಎಲ್ಲಾ ಫಾಸ್ಟ್, ಕ್ಯಾಶ್ ಹಿಟ್ 99 ಪರ್ಸೆಂಟ್, ಆದ್ರೆ ಪ್ಲೇಯರ್‌ಗೆ ಸಿಕ್ತಿರೋದು ಹಳೇ ಪಟ್ಟಿ, ಅದರಲ್ಲಿ ಹೊಸ ಸೆಗ್ಮೆಂಟ್ ಹೆಸರೇ ಇಲ್ಲ, ಕಾಯ್ತಾ ಕಾಯ್ತಾ ಬಫರ್ ಖಾಲಿ. ಯಾವ ರೆಸ್ಪಾನ್ಸ್ ಟೈಮ್ ಗ್ರಾಫೂ ಇದನ್ನ ಹಿಡಿಯಲ್ಲ. ಹಿಡಿಯೋಕೆ ಸ್ಕ್ರಿಪ್ಟ್‌ನಲ್ಲಿ ಮೀಡಿಯಾ ಸೀಕ್ವೆನ್ಸ್ ನಂಬರ್ (ಪಟ್ಟಿಯ ಮೊದಲ ಸೆಗ್ಮೆಂಟ್‌ನ ಕ್ರಮಸಂಖ್ಯೆ) ಓದಿ, 6 ಸೆಕೆಂಡ್‌ಗೆ ಒಂದರಂತೆ ಏರ್ತಿದ್ಯಾ ಅಂತ ಲಾಗ್ ಮಾಡಿ, ನಿಂತು ನಿಂತು ಎರಡೆರಡು ಜಿಗೀತಿದ್ರೆ ಕ್ಯಾಶ್ ಟೈಮ್ ಜಾಸ್ತಿ ಇದೆ ಅಂತರ್ಥ. 6 ಸೆಕೆಂಡ್ ಸೆಗ್ಮೆಂಟ್‌ಗೆ ಪ್ಲೇಲಿಸ್ಟ್ ಕ್ಯಾಶ್ 1, 2 ಸೆಕೆಂಡ್ ಸಾಕು.

404 (ಫೈಲ್ ಸಿಗಲಿಲ್ಲ ಅನ್ನೋ ಉತ್ತರ) ಕ್ಯಾಶ್ ಆಗೋದು ಇದರ ತಮ್ಮ. ಒಬ್ಬರು ಸೆಗ್ಮೆಂಟ್ ರೆಡಿ ಆಗೋ ಮುಂಚೆ ಕೇಳಿದ್ರು, ಒರಿಜಿನ್ 404 ಅಂತು, ಸಿಡಿಎನ್ ಆ 404ನ ಇಟ್ಕೊಂಡು ಆಮೇಲೆ ಬಂದೋರಿಗೂ ಅದನ್ನೇ ಕೊಡ್ತು. ಅಮೆಜಾನ್‌ನ ಸಿಡಿಎನ್ ಕ್ಲೌಡ್‌ಫ್ರಂಟ್‌ನಲ್ಲಿ ಎರರ್ ಕ್ಯಾಶಿಂಗ್ ಡೀಫಾಲ್ಟ್ 10 ಸೆಕೆಂಡ್, ಲೈವ್‌ಗೆ ಅದು ತುಂಬಾ ಜಾಸ್ತಿ, ಇಳಿಸಿ. ಲಕ್ಷಣ ಏನಂದ್ರೆ ಯಾವುದೋ ಒಂದು ಎಡ್ಜ್‌ನೋರು (ಸಿಡಿಎನ್‌ನ ಒಂದು ಜಾಗದ ಸರ್ವರ್‌ನಿಂದ ತಗೊಳ್ಳೋರು) ಮಾತ್ರ ಯಾವುದೋ ಒಂದು ಸೆಗ್ಮೆಂಟ್‌ಗೆ ನಿಲ್ತಾರೆ.

ಟೆಸ್ಟ್ ಪಾಸಾಗಿ ನಿಜವಾದ ದಿನ ಕೈ ಕೊಡೋದಕ್ಕೆ ದೊಡ್ಡ ಕಾರಣ ಟೋಕನ್. ಯುಆರ್‌ಎಲ್‌ನಲ್ಲಿ ಪ್ರತಿ ಯೂಸರ್‌ಗೂ ಬೇರೆ ಟೋಕನ್, ಕ್ಯಾಶ್ ಕೀನಲ್ಲಿ (ಕ್ಯಾಶ್ ಫೈಲ್ ಗುರುತಿಸೋ ಹೆಸರು) ಕ್ವೆರಿ ಸ್ಟ್ರಿಂಗ್, ಅಂದ್ರೆ ಯುಆರ್‌ಎಲ್‌ನ ಪ್ರಶ್ನೆ ಚಿಹ್ನೆ ಆದ್ಮೇಲಿನ ಭಾಗ, ಸೇರಿದೆ, ಅಂದ್ರೆ ಒಂದೇ ಸೆಗ್ಮೆಂಟ್ ಕ್ಯಾಶ್‌ಗೆ ಸಾವಿರ ಬೇರೆ ಬೇರೆ ಫೈಲ್ ಥರ ಕಾಣತ್ತೆ, ಹಿಟ್ ರೇಷಿಯೋ ಸೊನ್ನೆ ಹತ್ತಿರ. ಟೆಸ್ಟ್‌ನಲ್ಲಿ ಎಲ್ಲಾ ವರ್ಚುವಲ್ ಯೂಸರ್‌ಗೂ ಒಂದೇ ಟೋಕನ್ ಕೊಟ್ಟಿದ್ರೆ ಈ ತಪ್ಪು ಮುಚ್ಚಿಹೋಗತ್ತೆ. ಯೂಸರ್‌ಗೊಂದು ಟೋಕನ್ ಕೊಟ್ಟೇ ಓಡಿಸಿ, ಟೋಕನ್ ಚೆಕ್ ಎಡ್ಜ್‌ನಲ್ಲಿ ಮಾಡಿ ಕ್ಯಾಶ್ ಕೀಯಿಂದ ಅದನ್ನ ತೆಗೆಸಿ. ಲೈವ್ ಅಲ್ಲದ ಹಳೇ ವಿಡಿಯೋಗಳಿಗೂ ಇದೇ ಥರ ಒಂದು ಕಣ್ಕಟ್ಟು ಇದೆ, ಎಲ್ಲಾ ಯೂಸರ್ ಒಂದೇ ವಿಡಿಯೋ ನೋಡಿದ್ರೆ ಅದು ರ‍್ಯಾಮ್‌ನಿಂದಲೇ ಬರತ್ತೆ, ನೂರಾರು ಬೇರೆ ಬೇರೆ ವಿಡಿಯೋ ಕೇಳಿದಾಗ್ಲೇ ಡಿಸ್ಕ್‌ನ ಬಂಡವಾಳ ಗೊತ್ತಾಗೋದು. ಎಂಜಿನ್‌ಎಕ್ಸ್ ವರ್ಕರ್ ಡಿಸ್ಕ್‌ಗೆ ಕಾಯ್ತಾ ನಿಂತ್ರೆ ಚಿಕ್ಕ ಪ್ಲೇಲಿಸ್ಟ್ ಕೂಡ ನಿಧಾನ ಆಗತ್ತೆ, ಸಿಪಿಯು ಖಾಲಿ, ಐಒ ವೇಟ್ ಜಾಸ್ತಿ, ಆಗ ಎಐಒ ಥ್ರೆಡ್ಸ್ (ಡಿಸ್ಕ್ ಓದೋ ಕೆಲಸ ಬೇರೆ ಥ್ರೆಡ್‌ಗೆ ಕೊಡೋ ಸೆಟ್ಟಿಂಗ್) ಆನ್ ಮಾಡಿ ನೋಡಿ.

ವಿಡಿಯೋ ಸುತ್ತ ಇರೋ ಎಪಿಐಗಳು

ಸೆಗ್ಮೆಂಟ್ ಎಲ್ಲಾ ಸರಿ ಇದ್ದೂ ಜನ ಒಳಗೇ ಬರೋಕೆ ಆಗ್ತಿಲ್ಲ ಅಂದ್ರೆ ಲಾಗಿನ್, ಟೋಕನ್, ಡಿಆರ್‌ಎಂ (ವಿಡಿಯೋ ಕದಿಯದಂತೆ ತಡೆಯೋ ಬೀಗ) ಲೈಸೆನ್ಸ್ ಕೊಡೋ ಎಪಿಐ, ಅಂದ್ರೆ ಆಪ್ ಸರ್ವರ್ ಜೊತೆ ಮಾತಾಡೋ ದಾರಿಗಳ ಕಡೆ ನೋಡಿ. ಲೈವ್‌ಗೆ ಜನ ನಿಧಾನವಾಗಿ ಬರಲ್ಲ, ಟಾಸ್ ಹೊತ್ತಿಗೆ ಒಟ್ಟಿಗೆ ಬರ್ತಾರೆ. ಹೋಗೋದೂ ಹಾಗೇನೇ. 2019ರ ವಿಶ್ವಕಪ್ ಸೆಮಿಫೈನಲ್, ಭಾರತ ನ್ಯೂಜಿಲೆಂಡ್ ಮ್ಯಾಚ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಜನ ಇದ್ರು, ಧೋನಿ ರನ್‌ಔಟ್ ಆದ್ಮೇಲೆ ಆ ಸಂಖ್ಯೆ ಒಮ್ಮೆಲೇ ಕುಸೀತು. ವಿಡಿಯೋ ಸರ್ವರ್‌ಗೆ ಅದು ನೆಮ್ಮದಿ ಅನ್ಸಬಹುದು, ಆದ್ರೆ ಬ್ಯಾಕ್ ಒತ್ತಿದೋರೆಲ್ಲ ಬಂದು ಬೀಳೋದು ಹೋಮ್ ಪೇಜ್ ಮೇಲೆ, ಅದರ ಎಪಿಐಗಳಿಗೆ ಅದೇ ಕ್ಷಣದಲ್ಲಿ ಬಿರುಗಾಳಿ. ನಿಮ್ಮ ಟೆಸ್ಟ್‌ನಲ್ಲೂ ಎಲ್ರೂ ಒಟ್ಟಿಗೆ ಹೊರಗೆ ಹೋಗೋ ಒಂದು ಹಂತ ಇರ್ಲಿ.

ಹಾರ್ಟ್‌ಬೀಟ್ ಕೂಡ ಲೆಕ್ಕ ಹಾಕಿ, ಪ್ಲೇಯರ್ 10 ಸೆಕೆಂಡ್‌ಗೊಮ್ಮೆ ಎಲ್ಲಿವರೆಗೆ ನೋಡಿದ್ರು ಅಂತ ಕಳಿಸಿದ್ರೆ 50 ಸಾವಿರ ಜನಕ್ಕೆ ಸೆಕೆಂಡಿಗೆ 5000 ರೈಟ್, ಅದು ಲಾಗಿನ್ ಇರೋ ಡೇಟಾಬೇಸ್‌ಗೇ ಹೋಗ್ತಿದ್ರೆ ಅಲ್ಲೇ ಕಟ್ಟಿಕೊಳ್ಳತ್ತೆ. ಫೇಲ್ ಆದ ರಿಕ್ವೆಸ್ಟ್‌ನ ಪ್ಲೇಯರ್ ಎಷ್ಟು ಬೇಗ ಎಷ್ಟು ಸಲ ರೀಟ್ರೈ ಮಾಡತ್ತೆ ಅಂತಾನೂ ಸ್ಕ್ರಿಪ್ಟ್‌ನಲ್ಲಿ ಹಾಗೇ ಬರೀರಿ, ಅರ್ಧ ನಿಮಿಷದ ತೊಂದರೆ ಅರ್ಧ ಗಂಟೆ ಎಳೆಯೋದು ಈ ರೀಟ್ರೈಗಳಿಂದ. ಜನ ಒಳಗೆ ಬರೋ ವೇಗವನ್ನ ಥ್ರೆಡ್ ಸಂಖ್ಯೆಯಿಂದ ನಿಯಂತ್ರಿಸಬೇಡಿ, ಸರ್ವರ್ ನಿಧಾನ ಆದ್ರೆ ಥ್ರೆಡ್ ಕಾಯ್ತಾ ಕೂತು ಲೋಡ್ ತಾನಾಗೇ ಕಮ್ಮಿ ಆಗತ್ತೆ, ನಿಜವಾದ ಜನ ಹಾಗೆ ಕಾಯಲ್ಲ, ಬರ್ತಾನೇ ಇರ್ತಾರೆ. ಕೆ6ನಲ್ಲಿ ಅರೈವಲ್ ರೇಟ್ ಎಕ್ಸಿಕ್ಯೂಟರ್ ಇರೋದು ಇದಕ್ಕೇ.

ಕಾರಣ ಸಿಕ್ಕಿ ಒಂದು ಸೆಟ್ಟಿಂಗ್ ಬದಲಾಯ್ಸಿದ್ಮೇಲೆ ಅದೇ ಲೋಡ್ ಅಷ್ಟೇ ಹೊತ್ತು ಮತ್ತೆ ಓಡಿಸಿ, ಒಂದ್ಸಲ ಕ್ಯಾಶ್ ಖಾಲಿ ಮಾಡಿ, ಒಂದ್ಸಲ ತುಂಬಿರೋ ಹಾಗೇ. ಶುರು ಮಾಡೋ ಮುಂಚೆ ಸಿಡಿಎನ್‌ನೋರಿಗೆ ಟೆಸ್ಟ್ ಇದೆ ಅಂತ ತಿಳಿಸಿ, ಬಿಲ್ ಲೆಕ್ಕಾನೂ ಮಾಡ್ಕೊಳ್ಳಿ, 1000 ಜನ 3 ಎಂಬಿಪಿಎಸ್‌ನಲ್ಲಿ ಅರ್ಧ ಗಂಟೆ ಅಂದ್ರೆ 675 ಜಿಬಿ ಡೇಟಾ, ಎರಡು ಸಲ ಓಡಿಸಿದ್ರೆ ಅದರ ಡಬಲ್.